ಆಯಿಲ್ ಪೇಂಟಿಂಗ್ ಕಲಿಯೋಕೆ ಮೇಷ್ಟ್ರು ಬೇಕಾ, ಯೂಟ್ಯೂಬ್ ಸಾಕಾ?

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕ್ ಕೆಲಸ. ಸ್ಕೂಲಿನ ಡ್ರಾಯಿಂಗ್ ಪೀರಿಯಡ್ ಬಿಟ್ಟರೆ ಬ್ರಷ್ ಮುಟ್ಟಿದವಳಲ್ಲ. ಈಗ ಆಯಿಲ್ ಪೇಂಟಿಂಗ್ ಕಲಿಯುವ ಆಸೆ ಹತ್ತಿದೆ. ಚಿಕ್ಕ ಮಕ್ಕಳ ಜೊತೆ ಕ್ಲಾಸಲ್ಲಿ ಕೂರೋಕೆ ಮುಜುಗರ. ನಮ್ಮ ಏರಿಯಾದಲ್ಲೇ ಒಬ್ಬರು ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಪಾಠ ಹೇಳಿಕೊಡುತ್ತಾರಂತೆ. ಯೂಟ್ಯೂಬಲ್ಲಿ ಎಲ್ಲಾ ಪುಕ್ಕಟೆ ಸಿಗುವಾಗ ಅಷ್ಟು ದುಡ್ಡು ಕೊಡಬೇಕಾ?

ಉತ್ತರ: ಪಾಠ ಹೇಳಿಯೇ ಹೊಟ್ಟೆ ಹೊರೆಯುವವನು ನಾನು. ಹಾಗಾಗಿ ಮುಂದಿನ ಮಾತನ್ನೆಲ್ಲ ಸ್ವಲ್ಪ ಕಳೆದೇ ಲೆಕ್ಕ ಹಾಕಿಕೊಳ್ಳಿ. ಮೇಷ್ಟ್ರು ಬೇಕು. ಆದರೆ ಬಣ್ಣ ಹಚ್ಚುವುದನ್ನು ತೋರಿಸೋಕೆ ಅಂತ ಬೇಡ, ಅದನ್ನು ಯೂಟ್ಯೂಬ್ ಚೆನ್ನಾಗಿಯೇ ತೋರಿಸುತ್ತೆ. ನೀವು ಹಚ್ಚುತ್ತಿರುವಾಗ ಪಕ್ಕದಲ್ಲಿ ನಿಂತು ನೋಡಿ, ತಪ್ಪುತ್ತಿರುವ ಹೊತ್ತಿಗೇ "ನಿಲ್ಲಿ" ಅನ್ನೋಕೆ ಒಬ್ಬರು ಬೇಕು. ದುಡ್ಡು ಕೊಡುವುದು ಆ "ನಿಲ್ಲಿ" ಅನ್ನುವ ಮಾತಿಗೆ.

ಹಾಗಾದರೆ ರವಿವರ್ಮ ಕಲಿತಿದ್ದು ಹೇಗೆ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ತಿರುವನಂತಪುರದ ಅರಮನೆಯಲ್ಲಿ ತೈಲವರ್ಣ ಬಲ್ಲವರಿದ್ದರೂ ಅವರು ಈ ಹುಡುಗನಿಗೆ ಗುಟ್ಟು ಬಿಟ್ಟುಕೊಡಲಿಲ್ಲ. 1868ರಲ್ಲಿ ಮಹಾರಾಜರ ಭಾವಚಿತ್ರ ಬರೆಯೋಕೆ ಥಿಯೋಡೋರ್ ಜೆನ್ಸನ್ ಅನ್ನುವ ಐರೋಪ್ಯ ಕಲಾವಿದ ಬಂದ. ಅವನೂ ಪಾಠ ಹೇಳಲಿಲ್ಲ, ತಾನು ಬರೆಯುವುದನ್ನು ನೋಡೋಕೆ ಬಿಟ್ಟ, ಅಷ್ಟೇ. ರವಿವರ್ಮನಿಗೆ ಅಷ್ಟು ಸಾಕಾಯಿತು. ಅವನು ಮೈಸೂರು ಅರಮನೆಗೆ ಬರೆದುಕೊಟ್ಟ ಚಿತ್ರಗಳನ್ನು ನೋಡಿದವರಿಗೆ ಅದು ಗೊತ್ತು. ಆದರೆ ಜೆನ್ಸನ್ ಬಂದಾಗ ಅವನ ವಯಸ್ಸು 20. ಚಿಕ್ಕಂದಿನಿಂದ ಗೋಡೆ ಕಂಡಲ್ಲೆಲ್ಲ ಗೀಚಿದ ಕೈ, ಬೆಳಗಿಂದ ಸಂಜೆವರೆಗೆ ಬೇರೆ ಕೆಲಸವಿಲ್ಲ. ನಿಮಗೆ ಸಿಗುವುದು ಭಾನುವಾರದ ಎರಡು ಗಂಟೆ. ನೋಡಿ ಕಲಿಯುವ ದಾರಿ ಇದೆ, ಅದು ತುಂಬಾ ಸುತ್ತು.

"ನಿಲ್ಲಿ" ಅನ್ನುವುದು ಎಲ್ಲಿ ಬೇಕಾಗುತ್ತೆ ಅಂತ ಹೇಳುತ್ತೇನೆ. ಹೊಸಬರ ಮುಂದೆ ನಾನು ಮೊದಲು ಇಡುವುದು ಒಂದು ಹಿತ್ತಾಳೆ ಚೊಂಬು. ಪಕ್ಕದಲ್ಲಿ ಕಿಟಕಿ, ಕೆಳಗೆ ಒಂದು ನೀಲಿ ಟವೆಲ್. ಬಂದವರೆಲ್ಲ ಕೈ ಹಾಕುವುದು ಹಳದಿ ಟ್ಯೂಬಿಗೇ. ಚೊಂಬು ಹಳದಿ ಅಲ್ವಾ? ಆಗ ಒಂದು ರಟ್ಟಿನ ತುಂಡಿಗೆ ಕಡಲೆಕಾಳಿನಷ್ಟು ತೂತು ಮಾಡಿ ಕೊಡುತ್ತೇನೆ. ಒಂದು ಕಣ್ಣು ಮುಚ್ಚಿ, ಆ ತೂತಲ್ಲಿ ಚೊಂಬಿನ ಹೊಟ್ಟೆ ನೋಡಿ. ಅಲ್ಲಿ ಹಳದಿಯೇ ಇಲ್ಲ. ಸುಟ್ಟ ಬೆಲ್ಲದಂಥ ಕಂದು ಇದೆ. ಕೆಳಗೆ ಟವೆಲ್ಲಿನ ನೀಲಿ ಬಿದ್ದು ಸ್ವಲ್ಪ ಹಸಿರು ತಿರುಗಿದೆ. ಕತ್ತಿನ ಹತ್ತಿರ ಹೆಚ್ಚುಕಮ್ಮಿ ಕಪ್ಪು. ಕಿಟಕಿಯ ಹೊಳಪು ಬಿದ್ದ ಕಡೆ ಬಿಳಿ ಅಂದುಕೊಂಡಿದ್ದು ತೆಳು ಆಕಾಶದ ಬಣ್ಣ. ನಿಜವಾದ ಹಳದಿ ಇರುವುದು ಹೊಳಪಿನ ಅಂಚಲ್ಲಿ, ಬೆರಳ ಅಗಲ ಇದ್ದರೆ ಹೆಚ್ಚು.

ಈ ತೂತಿನ ಉಪಾಯವನ್ನು ವಿಡಿಯೋದಲ್ಲೂ ಹೇಳಿಕೊಡುತ್ತಾರೆ. ಆದರೆ ರಟ್ಟು ಕೆಳಗಿಟ್ಟು ಹತ್ತು ನಿಮಿಷ ಆಗುವಷ್ಟರಲ್ಲಿ ಕೈ ಮತ್ತೆ ಹಳದಿಗೆ ಹೋಗುತ್ತೆ. ನಿಮಗೇ ಗೊತ್ತಾಗುವುದಿಲ್ಲ. ಕಣ್ಣು ಕಂಡದ್ದನ್ನು ತಲೆ ಒಪ್ಪಲ್ಲ, ಚೊಂಬು ಅಂದರೆ ಹಳದಿ ಅಂತಲೇ ಅದರ ಹಟ. ವಿಡಿಯೋದವರಿಗೆ ನಿಮ್ಮ ಕೈ ಕಾಣಿಸುವುದಿಲ್ಲ. ಇಪ್ಪತ್ತು ಜನರ ಕ್ಲಾಸಲ್ಲಿ ಮೇಷ್ಟ್ರು ನಿಮ್ಮ ಹತ್ತಿರ ಬರುವಷ್ಟರಲ್ಲಿ ಚೊಂಬು ಪೂರ್ತಿ ಹಳದಿಯಾಗಿರುತ್ತೆ.

ಆಗ ಬಣ್ಣ ಕೆರೆದು ತೆಗೆಯಬೇಕು. ಇಲ್ಲೇ ಆಯಿಲ್ ಕಲರ್ ಹೊಸಬರ ಕೈ ಹಿಡಿಯುವುದು. ಬಹಳ ಜನ ಇದನ್ನು ಕೊನೆಗೆ ಕಲಿಯಬೇಕಾದ ಕಷ್ಟದ ಮಾಧ್ಯಮ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ವಾಟರ್ ಕಲರೇ ಕಷ್ಟ. ಜಗನ್ಮೋಹನ ಅರಮನೆಯಲ್ಲಿ ಹಳದಂಕರರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಜನ "ಎಂಥ ಆಯಿಲ್ ಪೇಂಟಿಂಗ್" ಅನ್ನುತ್ತಾರಲ್ಲ, ಅದು ವಾಟರ್ ಕಲರ್. ಅದರಲ್ಲಿ ಒಮ್ಮೆ ಎಡವಿದರೆ ಕಾಗದವೇ ಹೋಯಿತು. ಆಯಿಲ್ ಕಲರ್ ದಿನಗಟ್ಟಲೆ ಹಸಿಯಾಗಿರುತ್ತೆ. ತಪ್ಪಿದ್ದನ್ನು ಪ್ಯಾಲೆಟ್ ನೈಫಲ್ಲಿ ಕೆರೆದು, ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚಬಹುದು.

ಹಸಿಯಾಗಿರಲು ಕಾರಣ ಎಣ್ಣೆ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆ ಬೀಜದ ಎಣ್ಣೆಯಲ್ಲಿ ಬಣ್ಣದ ಪುಡಿ ಅರೆದಿರುತ್ತಾರೆ. ನೀರಿನ ಹಾಗೆ ಅದು ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ. (ಕೊಬ್ಬರಿ ಎಣ್ಣೆಗೆ ಈ ಗುಣ ಇಲ್ಲ, ವರ್ಷ ಕಳೆದರೂ ಜಿಡ್ಡು ಜಿಡ್ಡೇ.) ಅಂಬರ್ ಥರದ ಕಂದು ಬಣ್ಣಗಳು ಬೇಗ ಒಣಗುತ್ತವೆ, ಟೈಟೇನಿಯಂ ವೈಟ್ ಸತಾಯಿಸುತ್ತೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಇನ್ನೂ ತಡ. ವಾರಕ್ಕೊಂದು ಪಾಠ ಅನ್ನುವ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತೆ. ಈ ಭಾನುವಾರ ಕೆಳಗಿನ ಪದರ, ಮುಂದಿನ ಭಾನುವಾರ ಅದರ ಮೇಲೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ ಇರಬೇಕು. ತಿರುವುಮುರುವಾದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಅಲುಗಾಡಿ, ಚಿತ್ರ ಬಿರುಕು ಬಿಡುತ್ತೆ.

ಇನ್ನು ಎಂಥ ಮೇಷ್ಟ್ರು ಅನ್ನುವ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಇದು ಇರಲಿಲ್ಲ, ಆದರೆ ದುಡ್ಡು ದಂಡವಾಗುವುದು ಇಲ್ಲೇ.

ನಮ್ಮ ಕಡೆ ಒಂದು ಪದ್ಧತಿ ಇದೆ. ಮೊದಲ ದಿನವೇ ಕೈಗೆ ಒಂದು ಪ್ರಿಂಟ್ ಕೊಡುತ್ತಾರೆ. ಬುದ್ಧನ ಮುಖ, ಇಲ್ಲಾಂದ್ರೆ ಓಡುವ ಏಳು ಕುದುರೆ. ಚೌಕ ಹಾಕಿ ಕ್ಯಾನ್ವಾಸಿಗೆ ಇಳಿಸಿಕೊಂಡು ನೀವು ಬಣ್ಣ ತುಂಬುತ್ತೀರಿ. ಮೂಗು ಸೊಟ್ಟ ಆಯಿತು ಅನ್ನಿ, ಮೇಷ್ಟ್ರು "ಸ್ವಲ್ಪ ಕೊಡಿ ಇಲ್ಲಿ" ಅಂತ ಬ್ರಷ್ ಇಸ್ಕೊಂಡು ನಾಲ್ಕು ಏಟಲ್ಲಿ ಸರಿ ಮಾಡುತ್ತಾರೆ. ತುಟಿಯೂ ಅವರದೇ, ಕೊನೆಯ ಹೊಳಪೂ ಅವರದೇ. ತಿಂಗಳ ಕೊನೆಗೆ ನಿಮ್ಮ ಸಹಿ ಇರುವ ಚಂದದ ಬುದ್ಧ ಹಾಲಿನ ಗೋಡೆಗೆ ಏರುತ್ತಾನೆ. ನೆಂಟರು ಹೊಗಳುತ್ತಾರೆ. ಆಮೇಲೆ ಮನೆಯಲ್ಲಿ ಒಬ್ಬರೇ ಕೂತು ಒಂದು ಬದನೆಕಾಯಿ ಬರೆಯಲು ಹೋದರೆ ಬರುವುದಿಲ್ಲ. ಇದರಲ್ಲಿ ಮೇಷ್ಟ್ರದ್ದೊಂದೇ ತಪ್ಪು ಅನ್ನಲಾರೆ. ಮೊದಲ ತಿಂಗಳೇ ಗೋಡೆಗೆ ಹಾಕುವಂಥ ಚಿತ್ರ ಕೇಳುವವರು ಜಾಸ್ತಿ, ಫೀಸು ಕೊಡುವವರೂ ಅವರೇ.

ಹಾಗಾಗಿ ಸೇರುವ ಮೊದಲು ನೇರವಾಗಿ ಕೇಳಿಬಿಡಿ: "ಸರ್, ನನ್ನ ಕ್ಯಾನ್ವಾಸ್ ಮೇಲೆ ನೀವು ಬ್ರಷ್ ಇಡ್ತೀರಾ?" ತೋರಿಸುವುದಿದ್ದರೆ ಪಕ್ಕದಲ್ಲಿ ಬೇರೆ ತುಂಡಿನ ಮೇಲೆ ತೋರಿಸುತ್ತೇನೆ ಅಂದರೆ ಒಳ್ಳೆಯ ಗುರುತು. ಎದುರಿಗೆ ವಸ್ತು ಇಟ್ಟುಕೊಂಡು ಬರೆಸುತ್ತಾರಾ, ಬರೀ ಫೋಟೋ ನೋಡಿಯಾ? ಫೋಟೋ ಬೇಡವೇ ಬೇಡ ಅಂತಲ್ಲ, ಆದರೆ ಮೇಲೆ ಹೇಳಿದ ಚೊಂಬಿನ ಕಸರತ್ತು ಫೋಟೋದಲ್ಲಿ ಆಗುವುದಿಲ್ಲ. ಕ್ಯಾಮೆರಾ ಕತ್ತಲನ್ನೆಲ್ಲ ಒಂದೇ ಕಪ್ಪು ಮಾಡಿಬಿಟ್ಟಿರುತ್ತೆ. ಅವರ ಶಿಷ್ಯರು ಬರೆದದ್ದನ್ನೂ ನೋಡಲು ಕೇಳಿ. ಎಲ್ಲರ ಚಿತ್ರವೂ ಮೇಷ್ಟ್ರು ಬರೆದ ಹಾಗೇ ಇದ್ದರೆ ನಮಸ್ಕಾರ ಹೇಳಿ ಬನ್ನಿ. ಸ್ವಲ್ಪ ಸೊಟ್ಟ, ಸ್ವಲ್ಪ ಒರಟು, ಒಂದೊಂದು ಒಂದೊಂದು ಥರ ಇದ್ದರೆ ಸೇರಿಕೊಳ್ಳಿ.

ಹತ್ತಿರದವರು ಸರಿಹೋಗದಿದ್ದರೆ ಹುಡುಕುವುದು ಕಷ್ಟವಲ್ಲ. ಬೆಂಗಳೂರಿನವರಾದರೆ ಜನವರಿಯ ಚಿತ್ರಸಂತೆಗೆ ಹೋಗಿ. ಕುಮಾರಕೃಪಾ ರಸ್ತೆ ಉದ್ದಕ್ಕೂ ಕಲಾವಿದರು ತಮ್ಮ ಚಿತ್ರದ ಪಕ್ಕದಲ್ಲೇ ಕೂತಿರುತ್ತಾರೆ, ಕೇಳಿದರೆ ಮಾತಾಡುತ್ತಾರೆ. ಮೈಸೂರಲ್ಲಿ ಕಾವಾ ಅನ್ನುವ ಚಿತ್ರಕಲಾ ಕಾಲೇಜು ಇದೆ. ಇಂಥ ಕಾಲೇಜುಗಳಲ್ಲಿ ಓದಿ ಹೊರಬಂದ ಹುಡುಗ ಹುಡುಗಿಯರಲ್ಲಿ ಒಳ್ಳೆಯ ಪಾಠ ಹೇಳುವವರಿದ್ದಾರೆ. ದೊಡ್ಡ ಹೆಸರಿನ ಕಲಾವಿದರೇ ಬೇಕು ಅಂತ ಕಾಯಬೇಡಿ. ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರ ಹತ್ತಿರ ಬೈಸಿಕೊಳ್ಳುವುದಕ್ಕೆ ಮಾತ್ರ ತಯಾರಿರಿ.

ಡ್ರಾಯಿಂಗ್ ಬರುವುದಿಲ್ಲ ಅನ್ನುವ ಅಳುಕೂ ನಿಮಗಿರಬಹುದು. ಚೊಂಬು, ಈರುಳ್ಳಿ, ಬದನೆಕಾಯಿಗೆ ಬೇಕಾಗುವಷ್ಟು ಡ್ರಾಯಿಂಗ್ ಪೇಂಟಿಂಗ್ ಜೊತೆಗೇ ಬರುತ್ತೆ. ಬ್ರಷ್ಷಿನ ಹಿಡಿಯನ್ನು ಕೈ ಚಾಚಿ ಹಿಡಿದು ಎತ್ತರ ಎಷ್ಟು, ಅಗಲ ಎಷ್ಟು ಅಂತ ಅಳೆಯೋದು, ತೆಳು ಮಾಡಿದ ಕಂದು ಬಣ್ಣದಲ್ಲಿ ನೆರಳಿನ ಜಾಗವನ್ನೆಲ್ಲ ಮೊದಲು ತುಂಬೋದು, ಶುರುವಿಗೆ ಇಷ್ಟು ಸಾಕು. ಅಮ್ಮನ ಮುಖ ಬರೆಯಬೇಕು ಅಂತ ಬಹಳ ಜನ ಬರುತ್ತಾರೆ. ಅದಕ್ಕೆ ಡ್ರಾಯಿಂಗ್ ಬೇಕೇ ಬೇಕು. ಬದನೆಕಾಯಿ ಒಂಚೂರು ಸೊಟ್ಟವಾದರೂ ಬದನೆಕಾಯಿಯೇ, ಅಮ್ಮ ಒಂಚೂರು ಸೊಟ್ಟವಾದರೆ ಪಕ್ಕದ ಮನೆ ಆಂಟಿ ಆಗಿಬಿಡುತ್ತಾರೆ.

ವಯಸ್ಸಿನ ಮಾತು ನಾನು ಎತ್ತಲೇ ಇಲ್ಲ, ಯಾಕೆಂದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯ ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲಾ ಮುಗಿಸಿ, ಐವತ್ತು ದಾಟಿದ ಮೇಲೆ ಪೂರ್ತಿಯಾಗಿ ಚಿತ್ರಕ್ಕೆ ಮರಳಿದವರು. ಯೌವನದಲ್ಲಿ ಕಲಿತಿದ್ದರು ಅನ್ನುವುದೂ ನಿಜ. ದೊಡ್ಡವರಿಗೆ ನಿಜವಾದ ತೊಂದರೆ ಬೇರೆ: ಆಫೀಸಲ್ಲಿ ತಪ್ಪು ಮಾಡದೆ ಬದುಕಿ ಅಭ್ಯಾಸವಾಗಿರುತ್ತೆ, ಇಲ್ಲಿ ದಿನಾ ತಪ್ಪುವುದನ್ನು ಒಬ್ಬರು ನೋಡುತ್ತಿದ್ದರೆ ಮೈ ಪರಚಿಕೊಳ್ಳುವ ಹಾಗಾಗುತ್ತೆ. ಕೆಲವರಿಗೆ ಇದು ಒಗ್ಗುವುದೇ ಇಲ್ಲ. ಅಂಥವರಿಗೆ ಐದಾರು ಜನರ ಸಣ್ಣ ಬ್ಯಾಚೇ ವಾಸಿ, ಎಲ್ಲರೂ ಸೇರಿ ತಪ್ಪುತ್ತಾರಲ್ಲ.

ಫೀಸು ಊರಿಗೊಂದು, ಮೇಷ್ಟ್ರಿಗೊಂದು. ಆರು ತಿಂಗಳಿನದು ಮುಂಗಡ ಕೇಳಿದರೆ ಕೊಡಬೇಡಿ. ಒಂದು ಪಾಠಕ್ಕೆ ದುಡ್ಡು ಕೊಟ್ಟು ನೋಡಿ, ಆಮೇಲೆ ತಿಂಗಳ ಲೆಕ್ಕ. ಒಂದು ಗಂಟೆಯ ಪಾಠ ಸಾಲದು. ಬಣ್ಣ ಹಿಂಡಿಕೊಳ್ಳೋಕೆ, ಕೊನೆಗೆ ಬ್ರಷ್ ತೊಳೆಯೋಕೆ ಅಂತಲೇ ಅರ್ಧ ಗಂಟೆ ಹೋಗುತ್ತೆ. ಎರಡು ಗಂಟೆಯಾದರೂ ಇರಲಿ, ಬೇಕಾದರೆ ಹದಿನೈದು ದಿನಕ್ಕೊಮ್ಮೆ. ನಡುವೆ ಮನೆಯಲ್ಲಿ ಒಬ್ಬರೇ ಕೂತು ಬರೆಯದಿದ್ದರೆ ಎಂಥ ಮೇಷ್ಟ್ರಿದ್ದರೂ ಅಷ್ಟೇ.

ಸಾಮಾನಿಗೆ ಜಾಸ್ತಿ ಸುರಿಯಬೇಡಿ. ಇಪ್ಪತ್ನಾಲ್ಕು ಟ್ಯೂಬಿನ ಡಬ್ಬಿ ಬೇಡ. ಟೈಟೇನಿಯಂ ವೈಟ್ ಒಂದು ದೊಡ್ಡದು, ಯೆಲ್ಲೋ ಆಕರ್, ಒಂದು ಕೆಂಪು, ಬರ್ನ್ಟ್ ಸಿಯೆನಾ, ಅಲ್ಟ್ರಾಮರೀನ್ ಬ್ಲೂ. ಕೊನೆಯ ಎರಡನ್ನು ಬೆರೆಸಿದರೆ ಒಳ್ಳೆಯ ಕಪ್ಪೇ ಸಿಗುತ್ತೆ, ಕಪ್ಪಿನ ಟ್ಯೂಬಿನ ಖರ್ಚು ಉಳಿಯಿತು. ಹಂದಿಕೂದಲಿನ ಗಟ್ಟಿ ಬ್ರಷ್ ಮೂರ್ನಾಲ್ಕು, ಪ್ರೈಮರ್ ಹಚ್ಚಿದ ಕ್ಯಾನ್ವಾಸ್ ಪ್ಯಾಡ್ ಒಂದು. ಈಸಲ್ ಈಗಲೇ ಬೇಡ, ಕುರ್ಚಿಗೆ ಒರಗಿಸಿಕೊಂಡರೂ ನಡೆಯುತ್ತೆ.

ಮನೆಯಲ್ಲಿ ಬರೆಯುವಾಗ, ಬಣ್ಣ ತೆಳು ಮಾಡೋಕೆ, ಬ್ರಷ್ ತೊಳೆಯೋಕೆ ಬಳಸುವ ಟರ್ಪೆಂಟೈನ್ ಬಗ್ಗೆ ಎಚ್ಚರ. ಕಿಟಕಿ ತೆಗೆದಿಡಿ, ಬಾಟಲಿ ಮುಚ್ಚಿಡಿ, ಒಲೆ ಇರುವ ಕಡೆ ಬೇಡ, ಸಿಂಕಿಗೂ ಸುರಿಯಬೇಡಿ. ವಾಸನೆಗೆ ತಲೆ ಹಿಡಿಯುವವರು ಬ್ರಷ್ಷನ್ನು ಕುಸುಬೆ ಎಣ್ಣೆಯಲ್ಲಿ ಅದ್ದಿ ಒರೆಸಿ, ಆಮೇಲೆ ಸೋಪಲ್ಲಿ ತೊಳೆಯಬಹುದು. ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಡಸ್ಟ್‌ಬಿನ್ನಿಗೆ ಎಸೆಯಲೇಬೇಡಿ. ಒಣಗುವಾಗ ಅದು ಬಿಸಿಯಾಗುತ್ತೆ, ಮುದ್ದೆಯೊಳಗೆ ಆ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲದೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ. ಹಸಿ ಚಿತ್ರವನ್ನು ಮಂಚದ ಕೆಳಗೆ ತಳ್ಳಬೇಡಿ, ಕತ್ತಲಲ್ಲಿ ಒಣಗಿದರೆ ಹಳದಿ ತಿರುಗುತ್ತೆ. ಬೆಳಕಿರುವ ಗೋಡೆಗೆ ಒರಗಿಸಿಡಿ. ವಾರ್ನಿಷ್ ಹಚ್ಚಿ ಕೊಡುತ್ತೇನೆ ಅಂತ ಫ್ರೇಮ್ ಅಂಗಡಿಯವರು ಹೇಳಿದರೆ, ಆರು ತಿಂಗಳು ಕಳೆಯಲಿ ಅನ್ನಿ.