ಸೋಯಾ ಸಾಸಿನ ಕಂದು ಬಣ್ಣದಲ್ಲಿ ನಾವು ಹುಡುಕುವುದು ಏನನ್ನು?

ಸೋಯಾ ಸಾಸ್ ಬಾಟಲಿಯ ಹಿಂದಿನ ಲೇಬಲ್ ಒಮ್ಮೆ ಓದಿ ನೋಡಿ. ಎಷ್ಟೋ ಬಾಟಲಿಗಳಲ್ಲಿ 150ಸಿ ಅಥವಾ 150ಡಿ ಅಂತ ಇರುತ್ತದೆ. ಅದು ಕ್ಯಾರಮೆಲ್ ಬಣ್ಣ. ಸಕ್ಕರೆ ಕಾಯಿಸಿದರೆ ಬರುವ ಬಣ್ಣವೇ ಅಲ್ವಾ ಅನ್ನಿಸಬಹುದು. ಅದು 150ಎ. ಸಿ ಮತ್ತು ಡಿ ತಯಾರಿಸುವಾಗ ಅಮೋನಿಯಾ ಸೇರಿಸುತ್ತಾರೆ, ಡಿಗೆ ಸಲ್ಫೈಟ್ ಕೂಡ. ಆ ಕಾವಿನಲ್ಲಿ 4-ಮೀಥೈಲ್‌ಇಮಿಡಜೋಲ್ ಎಂಬ ಪುಟ್ಟ ಅಣು ತಾನಾಗಿಯೇ ಹುಟ್ಟುತ್ತದೆ. ಲ್ಯಾಬಿನಲ್ಲಿ ನಾವು 4-ಎಂಇಐ ಅಂತೀವಿ.

2007ರಲ್ಲಿ ರಾಸಾಯನಿಕಗಳ ವಿಷತನ ಪರೀಕ್ಷಿಸುವ ಅಮೆರಿಕದ ಸರ್ಕಾರಿ ಕಾರ್ಯಕ್ರಮವಾದ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಮ್ ವರದಿಯಲ್ಲಿ, ಇದನ್ನು ತಿನ್ನಿಸಿದ ಚಿಕ್ಕ ಇಲಿಗಳ ಶ್ವಾಸಕೋಶದಲ್ಲಿ ಗಡ್ಡೆಗಳು ಕಂಡವು. 2011ರಲ್ಲಿ ಕ್ಯಾಲಿಫೋರ್ನಿಯಾ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಲ್ಲಿ ದಿನಕ್ಕೆ 29 ಮೈಕ್ರೋಗ್ರಾಂ ದಾಟಿದರೆ ಎಚ್ಚರಿಕೆ ಬರೆಯಬೇಕು. ಮನುಷ್ಯರಲ್ಲಿ ಕ್ಯಾನ್ಸರ್ ತಂದದ್ದು ಸಾಬೀತಾಗಿಲ್ಲ, ಹೆದರಿ ಬಾಟಲಿ ಎಸೆಯಬೇಕಿಲ್ಲ. ಆದರೆ ಅಳೆಯದೆ ಬಿಡುವುದೂ ಸರಿಯಲ್ಲ.

ಅಳೆಯುವುದೇ ಕಷ್ಟ. ಕಂದು ಬಣ್ಣ ಕಣ್ಣಿಗೆ ರಾಚುತ್ತದೆ, ನಮಗೆ ಬೇಕಾದದ್ದಕ್ಕೆ ಬಣ್ಣವೇ ಇಲ್ಲ. ಹಾಗಾಗಿ ಸಾಸನ್ನು ಹುಳಿ ಮಾಡಿ ಬೆರಳುದ್ದದ ಪುಟ್ಟ ಕೊಳವೆಯೊಳಗೆ ಹನಿಹನಿಯಾಗಿ ಇಳಿಸುತ್ತೇವೆ. ಹುಳಿಯಲ್ಲಿ 4-ಎಂಇಐಗೆ ಧನ ವಿದ್ಯುದಂಶ ಬರುತ್ತದೆ, ಒಳಗಿನ ಪುಡಿ ಅದನ್ನು ಹಿಡಿದುಕೊಳ್ಳುತ್ತದೆ. ಕಂದು ನೀರು ಕೆಳಗಿನ ಬೀಕರಿಗೆ ಹರಿದುಹೋಗುತ್ತದೆ. ಆಮೇಲೆ ಅಮೋನಿಯಾ ಬೆರೆಸಿದ ಮೆಥನಾಲ್ ಬಿಟ್ಟರೆ ಹಿಡಿದದ್ದು ಬಿಡುಗಡೆಯಾಗಿ, ಹೆಚ್ಚುಕಡಿಮೆ ತಿಳಿಯಾದ ಹನಿಗಳಲ್ಲಿ ಇಳಿಯುತ್ತದೆ. ಎಷ್ಟು ವರ್ಷವಾದರೂ ಆ ಹನಿಗಳನ್ನು ನೋಡುವುದು ನನಗೆ ಖುಷಿ.

ಇನ್ನು ಲಿಕ್ವಿಡ್ ಕ್ರೊಮಾಟೋಗ್ರಫಿ, ಅಂದರೆ ಕಾಲಂ ಎಂಬ ಪುಡಿ ತುಂಬಿದ ಕೊಳವೆಯಲ್ಲಿ ದ್ರಾವಕದ ಜೊತೆ ಹರಿಸಿ ಅಣುಗಳನ್ನು ಬೇರೆ ಮಾಡುವ ವಿಧಾನ. ಎಲ್ಲರೂ ಬಳಸುವ, ಎಣ್ಣೆಯಂಥ ಗುಣದ ಸಿ-18 ಕಾಲಂನಲ್ಲಿ ಇದು ನಿಲ್ಲುವುದೇ ಇಲ್ಲ, ದ್ರಾವಕದ ಜೊತೆಗೇ ಓಡಿ ಹೊರಬೀಳುತ್ತದೆ. ನೀರಿನ ಮೇಲೆ ಅಷ್ಟು ಪ್ರೀತಿ ಅದಕ್ಕೆ. ಅದಕ್ಕೇ ನೀರು ಪ್ರೀತಿಸುವ ಅಣುಗಳನ್ನು ತಡೆದು ನಿಲ್ಲಿಸುವ ಹಿಲಿಕ್ ಥರದ ಕಾಲಂ ಬೇಕು. ಕೊನೆಗೆ ಮಾಸ್ ಸ್ಪೆಕ್ಟ್ರೋಮೀಟರ್ ತೂಕ ನೋಡಿ ಗುರುತಿಸುತ್ತದೆ. ಇಲ್ಲೂ ಒಂದು ಬಲೆ ಇದೆ. 2-ಎಂಇಐ ಎಂಬ ಇನ್ನೊಂದು ಅಣುವಿನ ತೂಕವೂ ಅಷ್ಟೇ. ಕಾಲಂನಲ್ಲೇ ಎರಡನ್ನೂ ಬೇರೆ ಮಾಡದಿದ್ದರೆ ಲೆಕ್ಕ ತಪ್ಪುತ್ತದೆ.

ನನಗೆ ಸಿಟ್ಟು ಬರುವುದು ರಿಪೋರ್ಟ್ ಓದುವ ರೀತಿಗೆ. ಯುರೋಪಿನ ಮಿತಿ ಕೆಜಿಗೆ 250 ಮಿಲಿಗ್ರಾಂ. ಅದು ಕ್ಯಾರಮೆಲ್ ಬಣ್ಣಕ್ಕೆ ಹಾಕಿದ ಮಿತಿ, ಸಾಸಿಗಲ್ಲ. ಸಾಸಿನಲ್ಲಿ ಬಣ್ಣ ಇರುವುದೇ ಸ್ವಲ್ಪ. ಸಾಸಿನಲ್ಲಿ ಸಿಕ್ಕಿದ್ದನ್ನು ಆ 250ರ ಪಕ್ಕ ಇಟ್ಟು ‘ಪಾಸ್’ ಅಂದರೆ ಯಾವ ಸಾಸ್ ತಾನೇ ಫೇಲ್ ಆಗುತ್ತದೆ? ಅದಕ್ಕೇ ತಯಾರಕರಿಗೆ ಹೇಳುತ್ತೇನೆ: ಸಾಸಿನ ಜೊತೆ, ಬಣ್ಣದ ಕ್ಯಾನಿನಿಂದಲೂ ಒಂದು ಸ್ಯಾಂಪಲ್ ಕಳಿಸಿ.