ಪಾರ್ಟಿಷನ್ ಕೋಎಫಿಶಿಯೆಂಟ್ ಅಂದ್ರೆ ಏನು?

ಮುಚ್ಚಿದ ಬಾಟಲಿಯಲ್ಲಿ 1 ಲೀಟರ್ ನೀರು, ಮೇಲೆ 1 ಲೀಟರ್ ಗಾಳಿ, ಜೊತೆಗೆ ನೀರಲ್ಲಿ ಬೆರೆಯದ ಎಣ್ಣೆಯಂಥ ದ್ರವ ಆಕ್ಟನಾಲ್ 10 ಮಿಲಿಲೀಟರ್ ಇದೆ ಅಂದ್ಕೊಳ್ಳಿ. ಅದಕ್ಕೆ ಒಂದು ತೊಟ್ಟು ಟೊಲ್ಯೂಈನ್ (ಪೇಂಟ್ ಥಿನ್ನರ್‌ನಲ್ಲಿರೋ ಥರದ ದ್ರವ) ಬಿಟ್ಟು ಚೆನ್ನಾಗಿ ಕುಲುಕಿ ಇಟ್ರೆ ಅದು ಮೂರು ಕಡೆಗೂ ಹಂಚಿಕೊಳ್ಳುತ್ತೆ, ಅಣುಗಳು ಆಮೇಲೂ ಅತ್ಲಿಂದಿತ್ಲಾಗೆ ಓಡಾಡ್ತಾನೇ ಇರ್ತವೆ, ಆದ್ರೆ ಹೋದಷ್ಟೇ ವಾಪಸ್ ಬರೋದ್ರಿಂದ ಎಲ್ಲೂ ಸಾಂದ್ರತೆ (ಒಂದು ಲೀಟರ್‌ನಲ್ಲಿ ಅದು ಎಷ್ಟಿದೆ ಅನ್ನೋದು) ಬದಲಾಗಲ್ಲ. ಈ ಸಮತೋಲನದಲ್ಲಿ ಒಂದು ಕಡೆಯ ಸಾಂದ್ರತೆನ ಇನ್ನೊಂದು ಕಡೆಯದ್ರಿಂದ ಭಾಗಿಸಿದ್ರೆ ಬರೋ ಸಂಖ್ಯೆನೇ ಪಾರ್ಟಿಷನ್ ಕೋಎಫಿಶಿಯೆಂಟ್, ಅಂದ್ರೆ ಹಂಚಿಕೆ ಗುಣಾಂಕ.

ಟೊಲ್ಯೂಈನ್‌ಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ-ನೀರಿನ ಗುಣಾಂಕ (ಗಾಳಿಯ ಸಾಂದ್ರತೆ ÷ ನೀರಿನದು) ಸುಮಾರು 0.27, ಆಕ್ಟನಾಲ್-ನೀರಿನದು ಸುಮಾರು 540. ಆಕ್ಟನಾಲ್-ಗಾಳಿಯದು ಬೇಕಂದ್ರೆ ಎರಡನೇದನ್ನ ಮೊದಲನೇದ್ರಿಂದ ಭಾಗಿಸಿ, ಹೆಚ್ಚುಕಮ್ಮಿ 2000. ಆದ್ರೆ ಇವೆಲ್ಲ ಸಾಂದ್ರತೆಯ ಲೆಕ್ಕ, ಒಟ್ಟು ಮಾಲು ಎಲ್ಲಿದೆ ಅನ್ನೋಕೆ ಆಯಾ ಕಡೆ ಎಷ್ಟು ಲೀಟರ್ ಇದೆ ಅನ್ನೋದನ್ನೂ ಗುಣಿಸಬೇಕು, ಇದನ್ನ ತುಂಬಾ ಜನ ಮರೀತಾರೆ. ನಮ್ಮ ಬಾಟಲಿಯಲ್ಲಿ ಆಕ್ಟನಾಲ್‌ಗೆ 5.4 ಪಾಲು (540 × 0.01 ಲೀಟರ್), ನೀರಿಗೆ 1, ಗಾಳಿಗೆ 0.27, ಅಂದ್ರೆ ಅಷ್ಟು ಚಿಕ್ಕ ಆಕ್ಟನಾಲ್ ಪದರದಲ್ಲೇ ಶೇ. 81ರಷ್ಟು ಸೇರ್ಕೊಂಡಿರುತ್ತೆ, ಗಾಳಿಯಲ್ಲಿ ಬರೀ ಶೇ. 4.

ಇನ್ನು ನನಗೆ ತುಂಬಾ ಮುಖ್ಯ ಅನ್ಸೋ ವಿಷಯ. ಬೇಗ ಕುದಿಯೋ ವಸ್ತು ನೀರಿಂದಾನೂ ಬೇಗ ಗಾಳಿಗೆ ಹೋಗುತ್ತೆ ಅಂತ ಅಂದ್ಕೊಂಡುಬಿಡ್ತೀವಿ, ಅದು ಹಾಗಲ್ಲ. ಎಥನಾಲ್ 78 ಡಿಗ್ರಿಗೇ ಕುದಿಯುತ್ತೆ, ಟೊಲ್ಯೂಈನ್‌ಗೆ 111 ಬೇಕು, 25 ಡಿಗ್ರಿಯಲ್ಲಿ ಶುದ್ಧ ಎಥನಾಲ್‌ನ ಆವಿ ಒತ್ತಡ (ದ್ರವದ ಮೇಲೆ ಅದರ ಆವಿ ಹಾಕೋ ಒತ್ತಡ) ಟೊಲ್ಯೂಈನ್‌ದಕ್ಕಿಂತ ಸುಮಾರು ಎರಡರಷ್ಟು, ಆದ್ರೂ ನೀರಲ್ಲಿ ಸ್ವಲ್ಪವೇ ಕರಗಿದ್ದಾಗ ಎಥನಾಲ್‌ನ ಗಾಳಿ-ನೀರಿನ ಗುಣಾಂಕ ಬರೀ 0.0002 ಆಸುಪಾಸು, ಟೊಲ್ಯೂಈನ್‌ದು ಅದರ ಸಾವಿರ ಪಟ್ಟಿಗೂ ಮೇಲೆ! ಕಾರಣ ನೀರು. ಎಥನಾಲ್ ಅಣುವನ್ನ ನೀರು ಹೈಡ್ರೋಜನ್ ಬಾಂಡ್ ಹಾಕಿ ಹಿಡ್ಕೊಳ್ಳುತ್ತೆ, ಟೊಲ್ಯೂಈನ್‌ಗೆ ಆ ಹಿಡಿತ ಸಿಗಲ್ಲ. ಅದಕ್ಕೇ ನೀರಲ್ಲಿ ಕಮ್ಮಿ ಕರಗೋ ವಸ್ತುಗಳಿಗೆ ಈ ಗುಣಾಂಕನ ಆವಿ ಒತ್ತಡ ಮತ್ತೆ ಕರಗೋ ಪ್ರಮಾಣ ಎರಡರ ಅನುಪಾತದಿಂದ ಅಂದಾಜು ಮಾಡ್ತಾರೆ. ನೀರಲ್ಲಿ ಕರಗೋ ಅನಿಲದ ಪ್ರಮಾಣ ಮೇಲಿರೋ ಅದರ ಒತ್ತಡಕ್ಕೆ ತಕ್ಕಂತಿರುತ್ತೆ ಅಂತ 1803ರಲ್ಲಿ ವಿಲಿಯಂ ಹೆನ್ರಿ ಹೇಳಿದ ನಿಯಮದ ಸ್ಥಿರಾಂಕನೂ ಇದೇ, ಯೂನಿಟ್ ಮಾತ್ರ ಬೇರೆ ಬೇರೆ ಥರ ಬರೀತಾರೆ, ಹಾಗಾಗಿ ಟೇಬಲ್‌ನಿಂದ ಸಂಖ್ಯೆ ತಗೊಳ್ಳುವಾಗ ಯೂನಿಟ್ ನೋಡ್ಲೇಬೇಕು.

ಆಕ್ಟನಾಲೇ ಯಾಕೆ ಅಂದ್ರೆ ಅದು ಜೀವಿಗಳ ಕೊಬ್ಬಿಗೆ ಹತ್ತಿರದ ಥರ ನಡ್ಕೊಳ್ಳುತ್ತೆ, ಮೀನಿನ ಮೈಯಲ್ಲಿ ಒಂದು ರಾಸಾಯನಿಕ ಎಷ್ಟು ಸೇರಬಹುದು ಅನ್ನೋದಕ್ಕೆ ಮೊದಲ ಅಂದಾಜು ಅಲ್ಲಿಂದ ಸಿಗುತ್ತೆ. ಬಿಸಿ ಮಾಡಿದ್ರೆ ಅಥವಾ ನೀರಿಗೆ ಉಪ್ಪು ಹಾಕಿದ್ರೆ ಗಾಳಿ ಪಾಲು ಜಾಸ್ತಿ ಆಗುತ್ತೆ, ನೀರಲ್ಲಿರೋ ಬೆಂಜೀನ್, ಟೊಲ್ಯೂಈನ್ ಪತ್ತೆ ಮಾಡೋ ಲ್ಯಾಬ್‌ಗಳಲ್ಲಿ ಸ್ಯಾಂಪಲ್‌ಗೆ ಉಪ್ಪು ಹಾಕಿ ಬಿಸಿ ಮಾಡಿ ಮೇಲಿನ ಗಾಳಿನ ಮಷೀನ್‌ಗೆ ಕೊಡೋದು ಅದಕ್ಕೇ.