ಲಿಥಿಯಂ ನಿದ್ದೆ ಮಾತ್ರೆಯಲ್ಲ

‘ಡಾಕ್ಟ್ರೇ, ಇದು ನಿದ್ದೆ ಮಾತ್ರೆ ಅಲ್ವಾ?’ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ತೀರಾ ಕುಗ್ಗುವ ಕಾಯಿಲೆಗೆ ಲಿಥಿಯಂ ಬರೆದುಕೊಟ್ಟರೆ ಮನೆಯವರು ಮೊದಲು ಕೇಳುವುದು ಇದನ್ನೇ. ಅಲ್ಲ. ಮಂಪರು ಬರಿಸಿ ಸುಮ್ಮನೆ ಕೂರಿಸುವ ಮದ್ದಲ್ಲ ಇದು. ಗುಣ ಕಾಣಲು ಒಂದೆರಡು ವಾರ ಬೇಕು.

ಹಾಗಾದರೆ ಇದು ಮಾಡುವುದೇನು? ಮಿದುಳಿನಲ್ಲಿ ಸುದ್ದಿ ತರುವ ಸೆರೊಟೋನಿನ್‌ನಂಥ ರಾಸಾಯನಿಕ ಕೋಶವನ್ನು ಹೊರಗಿನಿಂದ ಮುಟ್ಟುತ್ತದೆ, ಅಷ್ಟೇ. ಒಳಗೆ ಸುದ್ದಿ ಒಯ್ಯುವವನು ಬೇರೆ, ಐಪಿ3 ಅಂತ ಹೆಸರು. ಅದು ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಅನ್ನು ಹೊರಬಿಡಿಸುತ್ತದೆ, ಕೋಶ ಚುರುಕಾಗುತ್ತದೆ. ಕೆಲಸ ಮುಗಿದ ಐಪಿ3 ಹಂತಹಂತವಾಗಿ ಕಳಚಿ ಇನೋಸಿಟಾಲ್ ಆಗುತ್ತದೆ. ಮುಂದಿನ ಸುದ್ದಿಗೆ ಮತ್ತೆ ಅದೇ ಇನೋಸಿಟಾಲ್ ಬೇಕು. ಲಿಥಿಯಂ ಅಡ್ಡ ನಿಲ್ಲುವುದು ಈ ಕಳಚುವಿಕೆಯ ಕೊನೆಯ ಹೆಜ್ಜೆಗೆ.

ತೋಟದಲ್ಲಿ ಕೊಯ್ಲಿನ ಹೊತ್ತಿಗೆ ಖಾಲಿ ಚೀಲ ವಾಪಸ್ ಬರದಿದ್ದರೆ ಏನಾಗುತ್ತೆ? ಚುರುಕಾಗಿ ಕೊಯ್ಯುವವರ ಕೈ ಮೊದಲು ನಿಲ್ಲುತ್ತದೆ. ನಿಧಾನದವರಿಗೆ ಗೊತ್ತೇ ಆಗಲ್ಲ. ಇಲ್ಲೂ ಹಾಗೆ, ಜಾಸ್ತಿ ಓಡುತ್ತಿರುವ ಕೋಶಕ್ಕೇ ಹೊಡೆತ ಜಾಸ್ತಿ. ಈ ಮದ್ದಿನಲ್ಲಿ ನನಗೆ ತುಂಬ ಹಿಡಿಸುವ ಸಂಗತಿ ಇದು.

ಈ ವಿವರಣೆ 1980ರ ದಶಕದ್ದು. ಲಿಥಿಯಂ ಜಿಎಸ್‌ಕೆ-3 ಎಂಬ ಕಿಣ್ವವನ್ನೂ ತಡೆಯುತ್ತದೆ ಎಂದು 1996ರಲ್ಲಿ ಗೊತ್ತಾಯಿತು. ಕೋಶ ಬದುಕುವುದರಲ್ಲಿ, ಯಾವ ಜೀನ್ ಕೆಲಸ ಮಾಡಬೇಕು ಅನ್ನುವುದರಲ್ಲಿ ಆ ಕಿಣ್ವದ ಕೈವಾಡವಿದೆ. ಎರಡರಲ್ಲಿ ಯಾವುದರ ಪಾಲು ದೊಡ್ಡದು ಎಂಬ ವಾದ ಇನ್ನೂ ಮುಗಿದಿಲ್ಲ. ವಾಲ್ಪ್ರೊಯೇಟ್ ಇದೇ ಕಾಯಿಲೆಗೆ ಕೊಡುವ ಬೇರೆ ಮದ್ದು. ಅದು ಸೋಡಿಯಂ ಒಳಬರುವ ದಾರಿಯನ್ನೂ ಬಿಗಿ ಮಾಡುತ್ತದೆ. ಮಗುವಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ನಾನು ಆದಷ್ಟೂ ಬರೆಯುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗುತ್ತದೆ.

ಲಿಥಿಯಂನ ನಿಜವಾದ ತಲೆನೋವು ಅಳತೆಯದು. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. 1.5 ದಾಟಿದರೆ ಅಪಾಯ. ಮೂತ್ರಪಿಂಡ ಲಿಥಿಯಂ ಅನ್ನು ಉಪ್ಪಿನಂತೆಯೇ ನೋಡುತ್ತದೆ. ಹಾಗಾಗಿ ವಾಂತಿ ಭೇದಿಯಾಗಿ ನೀರು, ಉಪ್ಪು ಕಮ್ಮಿಯಾದರೆ ಅದು ಉಪ್ಪಿನ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಮಟ್ಟ ಏರುತ್ತದೆ.

ರೋಬಸ್ಟಾ ಕಾಫಿ ಕೊಯ್ಲಿನ ದಿನಗಳಲ್ಲಿ ಸೊಂಟ ನೋವಿಗೆ ಮೆಡಿಕಲ್‌ನಿಂದ ಐಬುಪ್ರೊಫೆನ್, ಡಿಕ್ಲೊಫೆನಾಕ್ ತಂದು ನುಂಗುವವರು ನಮ್ಮಲ್ಲಿ ಬಹಳ. ಅದೂ ಮಟ್ಟ ಏರಿಸುತ್ತದೆ. ಪ್ಯಾರಾಸಿಟಮಾಲ್ ಆದರೆ ಆ ಭಯವಿಲ್ಲ.

ಕೊಡಗಿನವರಿಗೆ ಇನ್ನೊಂದು ಮಾತು. ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಗೆ ಹಾಕಿಸುತ್ತದೆ. ದಿನಕ್ಕೆ ಐದಾರು ಲೋಟ ಬೆಲ್ಲದ ಕಾಫಿ ಕುಡಿಯುವವರು ಆಸಿಡಿಟಿ ಅಂತ ಒಮ್ಮೆಲೇ ಬಿಟ್ಟರೆ, ಮಾತ್ರೆ ಅಷ್ಟೇ ಇದ್ದರೂ ಮಟ್ಟ ಏರಬಹುದು. ಕಾಫಿ ಬಿಡುವ ಮುಂಚೆ ನಮಗೊಂದು ಮಾತು ಹೇಳಿ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಬನ್ನಿ.